ಮೊಹರು ಹಾಕಿದ ಕೈ

ನನ್ನ ಬಲಗೈಗೆ ಬಿಳಿಯ ಹತ್ತಿಯ ಚೀಲವನ್ನು ತೊಡಿಸಿ, ಮಣಿಕಟ್ಟಿನ ಬಳಿ ದಾರ ಬಿಗಿದು, ಅದರ ಮೇಲೆ ನ್ಯಾಯಾಲಯದ ಅರಗಿನ ಮೊಹರನ್ನು ಒತ್ತಿದಾಗ, ಗಾಜಿನ ಕಾರ್ಖಾನೆಯ ಮುಂದೆ ನೆರೆದಿದ್ದ ಹೆಂಗಸರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಅದು ಗೆದ್ದವರ ಉಸಿರು. ಅವರ ಮಟ್ಟಿಗೆ ನಮ್ಮ ಮುಷ್ಕರ ಆಗಲೇ ಕಾನೂನುಬದ್ಧವಾಗಿತ್ತು. ಮರುದಿನ ಬೆಳಿಗ್ಗೆ ನ್ಯಾಯಾಲಯಕ್ಕೆ ಹೋಗಿ ಆ ಮಾತನ್ನು ಕೇಳಿಸಿಕೊಂಡು ಬರುವುದಷ್ಟೇ ಬಾಕಿ. ಆ ಗುಂಪಿನಲ್ಲಿ ಉಸಿರು ಬಿಗಿಹಿಡಿದು ನಿಂತವಳು ನಾನೊಬ್ಬಳೇ. ಅರಗು ಆರುತ್ತಿದ್ದಂತೆ ನನಗೊಂದು ಸಂಗತಿ ಹೊಳೆದಿತ್ತು. ಆ ಚೀಲದೊಳಗಿನ ಕೈಯಲ್ಲಿ ಆಯಾಸವೇ ಇರಲಿಲ್ಲ.

ನಮ್ಮ ಊರಿನಲ್ಲಿ ಆಯಾಸವು ಕೈಯಿಂದ ಕೈಗೆ ದಾಟುತ್ತದೆ. ಅಂಗೈಗೆ ಅಂಗೈ ತಾಗಿ, ಪಡೆಯುವವರು ಮನಸ್ಸಿನಲ್ಲಿ ‘ಬಾ’ ಎಂದುಕೊಂಡರೆ ಸಾಕು. ಕೊಡುವವರಿಗೆ ತಿಳಿಯಬೇಕೆಂದೇನೂ ಇಲ್ಲ. ದೀಪ ಹಚ್ಚುವ ವೇಳೆಗೆ ಮನೆಮನೆಯ ಜಗಲಿಯ ಮೇಲೆ ಜನ ಪರಸ್ಪರ ಕೈ ಹಿಡಿದು ಕುಳಿತಿರುತ್ತಾರೆ. ಅದನ್ನು ಕೈಹೊತ್ತು ಎನ್ನುತ್ತೇವೆ. ಕೈಹೊತ್ತಿನಲ್ಲಿ ಯಾರೂ ಯಾರ ಬಾಗಿಲನ್ನೂ ತಟ್ಟುವುದಿಲ್ಲ. ಗಂಡು ನೋಡಲು ಬಂದ ಅಜ್ಜಿಯೊಬ್ಬಳು ಹುಡುಗನ ಕೈಯನ್ನು ಹಿಡಿದು, ಏನೂ ಸಿಗದೆ, ಕೊಟ್ಟ ಕಾಫಿಯನ್ನು ಅಲ್ಲಿಯೇ ಬಿಟ್ಟು ಎದ್ದುಹೋದ ಪ್ರಸಂಗವೂ ನಮ್ಮ ಬೀದಿಯಲ್ಲಿ ನಡೆದಿದೆ. ಒಂದು ದಿನದ ಆಯಾಸ ನಿದ್ದೆಯಲ್ಲಿ ಕರಗುತ್ತದೆ. ತಿಂಗಳುಗಟ್ಟಲೆ ಕೂಡಿದ್ದು ಕರಗುವುದಿಲ್ಲ. ಹಂಚಿಕೊಂಡರೆ ತೆಳುವಾಗುತ್ತದೆ, ಅಷ್ಟೇ. ಆಯಾಸದ ಜೊತೆಗೆ ಅದರ ಒಡೆಯರ ಚಾಳಿಯೂ ಬರುತ್ತದೆ. ನನ್ನ ಅಜ್ಜಿ ದಣಿದಾಗ ಕಾಲಿನ ಹೆಬ್ಬೆರಳನ್ನು ನೆಲಕ್ಕೆ ಒತ್ತಿ ತಿರುವುತ್ತಿದ್ದಳು. ಅವಳ ಕೈ ಹಿಡಿಯುತ್ತಿದ್ದ ನನ್ನ ಅಪ್ಪನೂ ಹಾಗೆಯೇ ತಿರುವುತ್ತಿದ್ದ. ಅದು ತನ್ನ ಚಾಳಿಯಲ್ಲವೆಂದು ಅವನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಪಡೆದವರಿಗೆ ಅದು ಗೊತ್ತಾಗುವುದೇ ಇಲ್ಲ.

ಕಾರ್ಖಾನೆಯಲ್ಲಿ ನಾವು ಲಾಂದ್ರದ ಗಾಜುಗಳನ್ನು ಮಾಡುತ್ತಿದ್ದೆವು. ಕುಲುಮೆಯ ಮನೆಯಲ್ಲಿ ಊದಿದ ಬುರುಡೆಗಳನ್ನು ಹಲಗೆಯ ಮೇಲೆ ಸಾಲಾಗಿ ನಿಲ್ಲಿಸಿ, ಹೆಗಲ ಮೇಲೆ ಹೊತ್ತು, ಮೇಲಿನ ಅಂತಸ್ತಿನ ತಣಿಸುವ ಕೋಣೆಗೆ ಒಯ್ಯುವುದು ನನ್ನ ಕೆಲಸ. ಬುರುಡೆಗಳು ಒಂದಕ್ಕೊಂದು ತಾಗಿ ಟಿಣ್ ಎನ್ನಬಾರದು. ಹೊಸ ಮಾಲೀಕರು ಬಂದ ಮೇಲೆ ಗಾಜಿನ ಅಂಚು ಉಜ್ಜುವವರ ಮಣೆಗಳ ನಡುವೆ ಆಳೆತ್ತರದ ಅಡ್ಡಹಲಗೆಗಳು ಎದ್ದವು. ಕೈ ಹಿಡಿಯುವುದರಲ್ಲಿ ಕೆಲಸದ ಹೊತ್ತು ಪೋಲಾಗುತ್ತದೆ ಎಂಬುದು ಅವರ ವಾದ. ಕಾರ್ಖಾನೆಯ ಗೋಡೆಯೊಳಗೆ ಒಬ್ಬರ ಅಂಗೈಯನ್ನು ಇನ್ನೊಬ್ಬರು ಮುಟ್ಟಿದ್ದು ಕಂಡರೆ ಇಬ್ಬರಿಗೂ ಬಾಗಿಲು ತೋರಿಸುವುದೇ. ಆ ಚಳಿಗಾಲದಲ್ಲಿ ಒಬ್ಬಳು ಹಲಗೆ ಹೊತ್ತುಕೊಂಡು ಮೆಟ್ಟಿಲಿನ ಮೇಲೆಯೇ ನಿದ್ದೆಹೋಗಿ ಉರುಳಿ ಬಿದ್ದಳು. ಅವಳ ಮುಖದಿಂದ ಗಾಜಿನ ಚೂರುಗಳನ್ನು ಆರಿಸಿದವರೇ ಮುಷ್ಕರದ ಮಾತನ್ನು ಮೊದಲು ಎತ್ತಿದರು. ನಾವು ಕೇಳಿದ್ದು ಎರಡೇ. ಅಡ್ಡಹಲಗೆ ತೆಗೆಯಬೇಕು; ಕೆಲಸದ ನಡುವೆ ಒಂದು ಕೈಹೊತ್ತು ಕೊಡಬೇಕು.

ನಮ್ಮ ಊರಿನಲ್ಲಿ ಮುಷ್ಕರ ಹೂಡುವುದಕ್ಕೆ ಕಾನೂನು ಉಂಟು. ಕೆಲಸಗಾರರು ತಮ್ಮಲ್ಲಿ ಒಬ್ಬರನ್ನು ಆರಿಸಬೇಕು. ಆರಿಸಿದ ಕೈಗೆ ಮೊಹರು ಬೀಳುತ್ತದೆ. ಆಮೇಲೆ ಬದಲಿಸುವಂತಿಲ್ಲ, ಆ ಮನುಷ್ಯನ ಇನ್ನೊಂದು ಕೈಯನ್ನೂ ಯಾರೂ ಮುಟ್ಟುವಂತಿಲ್ಲ. ವಿಚಾರಣೆಯ ದಿನ ನ್ಯಾಯಾಧೀಶರು ಮೊಹರು ಒಡೆದು ಆ ಕೈಯನ್ನು ಹಿಡಿಯುತ್ತಾರೆ, ಅದರಲ್ಲಿರುವುದನ್ನೆಲ್ಲ ಪಡೆಯುತ್ತಾರೆ, ಬಳಿಕ ಕುರ್ಚಿಯಿಂದ ಏಳಲು ಪ್ರಯತ್ನಿಸುತ್ತಾರೆ. ಎದ್ದರೆ ಮುಷ್ಕರ ಅಕ್ರಮ. ಏಳಲಾಗದಿದ್ದರೆ ಸಕ್ರಮ. ಅಕ್ರಮವೆಂದಾದರೆ ಹೂಡಿದವರನ್ನೆಲ್ಲ ಮಾಲೀಕರು ಅಂದೇ ಹೊರಹಾಕಬಹುದು, ಕಾರ್ಖಾನೆಯ ಸಾಲುಮನೆಗಳಿಂದಲೂ ಎಬ್ಬಿಸಬಹುದು. ಹೀಗಾಗಿ ನ್ಯಾಯಾಧೀಶರನ್ನು ಊರಿನವರು ಕುರ್ಚಿಯವರು ಎಂದೇ ಕರೆಯುತ್ತಿದ್ದರು. ಅವರು ವಿಚಾರಣೆಗೆ ಮುಂಚೆ ಚೆನ್ನಾಗಿ ವಿಶ್ರಾಂತಿ ಪಡೆದಿರಬೇಕು. ತೀರ್ಪಿಗಾಗಿ ಪಡೆದ ಆಯಾಸವನ್ನು ಅಧಿಕಾರದಲ್ಲಿರುವವರೆಗೆ ಇನ್ನೊಬ್ಬರಿಗೆ ದಾಟಿಸುವಂತಿರಲಿಲ್ಲ. ವಯಸ್ಸಿಗಿಂತ ಮೊದಲೇ ಅವರ ಬೆನ್ನು ಬಾಗಿತ್ತು.

ನಮ್ಮ ಕೂಟದ ಮುಂದಾಳು ಹೊಂಬಾಳಮ್ಮ. ಗಾಜಿನ ಅಂಚು ಉಜ್ಜುತ್ತ ಬೆರಳ ತುದಿಗಳೆಲ್ಲ ನುಣುಪಾದ, ಬಾಯಿ ಮಾತ್ರ ಒಂದಿಷ್ಟೂ ಸವೆಯದ ಹೆಂಗಸು. ಯಾರ ಕೈಯನ್ನು ಆರಿಸೋಣ ಎಂದು ಅವಳು ಕೇಳಿದಾಗ ಚರ್ಚೆಯೇ ನಡೆಯಲಿಲ್ಲ. ಎಲ್ಲರೂ ನನ್ನನ್ನು ನೋಡಿದರು. ನನಗೆ ಆಗ ತುಂಬಿದ ಬಸಿರು. ಕಾರ್ಖಾನೆಯಲ್ಲಿ ಅತ್ಯಂತ ಭಾರದ ಕೆಲಸ ನನ್ನದು. ನನ್ನ ಗಂಡ ದೂರದ ಹೊಳೆಯ ಮೇಲೆ ದೋಣಿ ನಡೆಸುವವನು. ಅವನು ಮನೆಗೆ ಬರುವುದು ಅಪರೂಪ. ಸಂಜೆ ನನ್ನ ಜಗಲಿಯ ಮೇಲೆ ನನ್ನ ಕೈ ಹಿಡಿಯುವವರು ಯಾರೂ ಇರಲಿಲ್ಲ.

“ದೇವೀರಮ್ಮನ್ ಕೈ ಹಿಡುದ್ರೆ ಕುರ್ಚಿಯೋರು ಏಳೋದಿರ್ಲಿ, ಕುರ್ಚಿ ಸಮೇತ ನೆಲದೊಳಕ್ಕೆ ಇಳೀತಾರೆ,” ಎಂದಳು ಹೊಂಬಾಳಮ್ಮನ ಪಕ್ಕದ ಮಣೆಯ ರಮೀಜಾ. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈ ಮುಂದೆ ಚಾಚಿದೆ.

ಈಗ ಹೇಳಿದರೆ ವಿಚಿತ್ರವೆನಿಸಬಹುದು. ಆದರೆ ಆ ತಿಂಗಳುಗಳಲ್ಲಿ ನಾನು ದಣಿದವಳೇ ಅಲ್ಲ. ಹಲಗೆ ಹೊತ್ತು ಮೆಟ್ಟಿಲು ಹತ್ತುವಾಗ ಮೈ ಹಗುರವಾಗಿರುತ್ತಿತ್ತು. ನನ್ನ ಬಸಿರು ಸಲೀಸಿನದು, ನಮ್ಮ ವಂಶದ ಹೆಣ್ಣುಗಳು ಗಟ್ಟಿಗರು ಎಂದು ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡಿದ್ದೆ. ಮೆಟ್ಟಿಲಿನ ತಲೆಯಲ್ಲಿ ಕುಳಿತು, ಹೊತ್ತ ಹಲಗೆಗೊಂದರಂತೆ ಕೂಲಿಲೆಕ್ಕದ ಹಿತ್ತಾಳೆಯ ಬಿಲ್ಲೆ ಕೊಡುತ್ತಿದ್ದ ಮೇಸ್ತ್ರಿ ಚನ್ನಿಗಯ್ಯನು ದಿನವೂ ಅದನ್ನೇ ಆಡಿಕೊಳ್ಳುತ್ತಿದ್ದ. “ಏನಮ್ಮಣ್ಣಿ, ಗಾಜು ಹೊತ್ತಿದ್ದೀಯೋ, ದಿಬ್ಬಣದ್ ಜೊತೆ ಹೊಂಟಿದ್ದೀಯೋ? ಇಸ್ಕೋ ಬಿಲ್ಲೆ. ಕೈ ನೆಟ್ಟಗೆ ಚಾಚು.” ಅವನು ಮಾಲೀಕರ ಮನುಷ್ಯ. ಬಿಲ್ಲೆಯನ್ನು ಅಂಗೈಗೆ ಒತ್ತಿ ಕೊಡುತ್ತಿದ್ದ ಆ ಒರಟು ರೀತಿಯನ್ನು ಕಂಡರೆ ನನಗೆ ಮೈಯುರಿಯುತ್ತಿತ್ತು.

ಮೊಹರು ಹಾಕುವ ಗುಮಾಸ್ತರು ಹೊರಟುಹೋದ ಮೇಲೆ ನಾನು ಹೊಂಬಾಳಮ್ಮನನ್ನು ಕಾರ್ಖಾನೆಯ ಎದುರಿನ ಚಪ್ಪರದ ಮೂಲೆಗೆ ಕರೆದೆ.

“ಅಕ್ಕ, ನಂಗೆ ಸುಸ್ತಿಲ್ಲ.”

“ಇವತ್ತು ಕೆಲ್ಸ ಎಲ್ಲಿತ್ತು, ಸುಸ್ತಾಗಕ್ಕೆ?”

“ಇವತ್ತಿಂದಲ್ಲ. ಒಳಗಿರ್ಬೇಕಲ್ಲ, ತಿಂಗಳು ತಿಂಗಳದ್ದು. ಅದಿಲ್ಲ. ನಂಗೆ ಗೊತ್ತಾಯ್ತಾ ಇದೆ.”

ಹೊಂಬಾಳಮ್ಮ ನಗಲು ಹೊರಟವಳು ಅರ್ಧಕ್ಕೆ ನಿಲ್ಲಿಸಿದಳು. ಕಿವಿಯ ಹಾಲೆಯನ್ನು ಜಗ್ಗಿಕೊಳ್ಳುತ್ತ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. “ಅದೆಂಗಾಯ್ತದೆ? ನಾನ್ ತಗೊಂಡಿದ್ದು ಸ್ವಲ್ಪ ಕಣವ್ವ. ಸಾಯಂಕಾಲ ಗೂಟದಿಂದ ನಿನ್ ಶಾಲು ತೆಗ್ದು ಕೈಗೆ ಕೊಡ್ತಿದ್ನಲ್ಲ, ಆವಾಗ. ಚಿಟಿಕೆಯಷ್ಟು. ನಿಂಗೆ ಮನೇಲಿ ಯಾರೂ ಇಲ್ಲ ಅಂತ.”

ಹಿಂದೆ ನಿಂತಿದ್ದ ರಮೀಜಾಳ ಮುಖ ಬಿಳಿಚಿಕೊಂಡಿತು. “ಅರೆ, ನೀನೂನಾ?” ಎಂದಳು. “ನಾನು ನೀರಿನ ತಂಬಿಗೆ ಕೊಡೋವಾಗ. ಸ್ವಲ್ಪಾನೇ.”

ಆಮೇಲೆ ಒಬ್ಬೊಬ್ಬರಾಗಿ ಹೊರಬಂದರು. ಹೆಗಲಿಗೆ ಸಿಂಬೆ ಇಡುವಾಗ ಒಬ್ಬಳು. ಎಲೆಅಡಿಕೆ ಕೊಡುವ ನೆಪದಲ್ಲಿ ಇನ್ನೊಬ್ಬಳು. ಬಾಗಿಲಲ್ಲಿ ನೂಕುನುಗ್ಗಲಿದ್ದಾಗ ಕೈ ಹಿಡಿದು ದಾಟಿಸುವವಳಂತೆ ಮತ್ತೊಬ್ಬಳು. ಕುಲುಮೆಯ ಗಂಡಸರಲ್ಲೊಬ್ಬ, ನನ್ನ ಅಪ್ಪನ ವಯಸ್ಸಿನವನು, ತಲೆ ತಗ್ಗಿಸಿಕೊಂಡು, “ಹಲಗೆ ಎತ್ತಿ ಕೊಡ್ತಿದ್ದೆ, ಬೆರಳು ತಾಗ್ತಿತ್ತು” ಎಂದ. ಕಂಡರೆ ಕೆಲಸ ಹೋಗುತ್ತದೆಂದು ಪ್ರತಿಯೊಬ್ಬರೂ ಗುಟ್ಟಾಗಿ ತೆಗೆದುಕೊಂಡಿದ್ದರು. ಗುಟ್ಟಾಗಿದ್ದುದರಿಂದ ತೆಗೆದುಕೊಳ್ಳುತ್ತಿರುವವರು ತಾವೊಬ್ಬರೇ ಎಂದು ಪ್ರತಿಯೊಬ್ಬರೂ ನಂಬಿದ್ದರು. ಒಬ್ಬರು ಚಿಟಿಕೆ ತೆಗೆದರೆ ಉಳಿದದ್ದು ಮೂಟೆ ಇದ್ದೇ ಇರುತ್ತದೆ ಎಂಬ ಧೈರ್ಯದ ಮೇಲೆಯೇ ಅವರೆಲ್ಲ ನನ್ನ ಕೈಯನ್ನು ಆರಿಸಿದ್ದು.

ಮೊದಲು ನಕ್ಕದ್ದು ಯಾರೋ ನೆನಪಿಲ್ಲ. ಆಮೇಲೆ ಇಡೀ ಚಪ್ಪರ ನಕ್ಕಿತು. ರಮೀಜಾ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕುಳಿತಳು. “ಇವಳು ನಮ್ಮೂರಲ್ಲೇ ಫಸ್ಟ್ ಕ್ಲಾಸ್ ಹೆಂಗಸು. ಮಾಲೀಕರ್ ಹೆಂಡ್ತಿಗೂ ಇಂಥಾ ಸುಖ ಇಲ್ಲ,” ಎಂದು ಕಣ್ಣೊರೆಸಿಕೊಂಡಳು. ನಗು ನಿಂತಾಗ ಮರುದಿನದ ನೆನಪಾಯಿತು.

ನಾನು ಎಡಗೈಯನ್ನು ಚಾಚಿದೆ. “ನಂದು ನಂಗೆ ವಾಪಸ್ ಕೊಡಿ. ಮುಟ್ಟಬಾರ್ದು ಅಂತ ಕಾನೂನಿದ್ರೂ ಇಲ್ಲಿ ನೋಡೋರ್ಯಾರು?”

ಒಬ್ಬರೂ ಕೈ ಮುಂದೆ ತರಲಿಲ್ಲ. ಹೆಂಗಸರು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು. ಗಂಡಸರು ಕಂಕುಳಲ್ಲಿ ಅವಿತಿಟ್ಟರು. ಆ ದೃಶ್ಯ ಈಗಲೂ ನನ್ನ ಕಣ್ಣಮುಂದಿದೆ. ಚಳಿಯಲ್ಲಿ ನಿಂತ ಜನರಂತೆ ಕಾಣುತ್ತಿದ್ದರು.

“ಕಾನೂನಿನ್ ಮಾತಲ್ಲ ಕಣಮ್ಮಿ,” ಎಂದಳು ಹೊಂಬಾಳಮ್ಮ. “ತಿಂಗಳಾನುಗಟ್ಟಲೆಯದನ್ನ ಒಂದೇ ಸಲ ಮೈಮೇಲೆ ಸುರಿದ್ರೆ ನೀನೇನೋ ತಡ್ಕೋತೀಯ. ಒಳಗಿರೋದು?”

“ನಾಳೆ ಅಷ್ಟೂ ಜನ ಬೀದಿಗೆ ಬೀಳ್ತೀರಿ.”

“ಬೀಳೋಣ. ಬಿದ್ಮೇಲೆ ಎದ್ದೇಳಕ್ಕೆ ಕೈ ಇದಾವೆ. ನಾಳೆ ಕೋರ್ಟಲ್ಲಿ ನೀನು ಇರೋದನ್ನ ಇದ್ದಂಗೇ ಕೊಡು. ಸುಳ್ಳು ನಟ್ನೆ ಬ್ಯಾಡ. ಈಗ ಮನೆಗ್ ಹೋಗಿ ಉಂಡು ಮಲಿಕ್ಕೋ.”

ಮಲಗಿದೆ, ನಿದ್ದೆಯೂ ಬಂತು. ಅದೇ ನನ್ನನ್ನು ಹೆಚ್ಚು ಕಂಗೆಡಿಸಿತು. ದಣಿವಿಲ್ಲದ ದೇಹ ಎಂಥ ಚಿಂತೆಯಲ್ಲಿಯೂ ಮಗುವಿನಂತೆ ಮಲಗುತ್ತದೆ.

ನ್ಯಾಯಾಲಯದ ಸಭಾಂಗಣ ಬೆಳಗಾಗುವಷ್ಟರಲ್ಲಿ ತುಂಬಿತ್ತು. ಎತ್ತರದ ಕಟ್ಟೆಯ ಮೇಲೆ ತೋಳುಗಳಿದ್ದ ಒಂದು ಮರದ ಕುರ್ಚಿ, ಮುಂದೆ ಮೇಜು ಇಲ್ಲ. ಕುರ್ಚಿಯವರು ನಿಧಾನವಾಗಿ ಬಂದು ಕುಳಿತರು. ಬಿಳಿಯ ಹುಬ್ಬು, ಒಳಕ್ಕೆ ಹೋದ ಕೆನ್ನೆ, ಯಾರನ್ನೂ ಅವಸರಪಡಿಸದ ಕಣ್ಣು. ನನ್ನನ್ನು ಅವರೆದುರು ಒಂದು ಪೀಠದ ಮೇಲೆ ಕೂರಿಸಿದರು. ಬೆನ್ನ ಹಿಂದೆ ಕಟಕಟೆಯ ಆಚೆಗೆ ನಮ್ಮವರೆಲ್ಲ ಇದ್ದರು. ತಿರುಗಿ ನೋಡುವ ಧೈರ್ಯ ನನಗಿರಲಿಲ್ಲ.

ಕಾನೂನಿನಂತೆ ಮೊದಲು ಸಾಕ್ಷಿಗಳು, ಅನಂತರ ಕೈ. ಹೊಂಬಾಳಮ್ಮ ಎರಡು ಬೇಡಿಕೆಗಳನ್ನು ಹೇಳಿ ಕೆಳಗಿಳಿದಳು. ಮಾಲೀಕರ ವಕೀಲರು ಎದ್ದರು. ತೆಳ್ಳಗಿನ, ಅತ್ಯಂತ ಸೌಜನ್ಯದ ಮನುಷ್ಯ. ನಮ್ಮ ಚಪ್ಪರದ ನಗು ಅವರ ಕಿವಿಗೂ ಬಿದ್ದಿತ್ತೆಂದು ಕಾಣುತ್ತದೆ. ಅವರು ಕರೆದ ಏಕೈಕ ಸಾಕ್ಷಿ ಮೇಸ್ತ್ರಿ ಚನ್ನಿಗಯ್ಯ.

“ಈ ಹೆಣ್ಣುಮಗಳನ್ನು ದಿನವೂ ನೋಡುತ್ತಿದ್ದೀರಿ, ಅಲ್ಲವೆ?”

“ನೋಡ್ತೀನಿ ಸ್ವಾಮಿ.”

“ಕೆಲಸದಲ್ಲಿ ದಣಿದದ್ದನ್ನು ಕಂಡಿದ್ದೀರಾ?”

ಚನ್ನಿಗಯ್ಯ ನನ್ನ ಕಡೆ ನೋಡಲಿಲ್ಲ. ಒಂದು ಕೈಯಿಂದ ಕಟಕಟೆಯನ್ನು ಹಿಡಿದು, ಇನ್ನೊಂದನ್ನು ಎತ್ತಿ ಕಿವಿಯನ್ನು ಜಗ್ಗಿಕೊಂಡ. “ಇಲ್ಲ. ಓಡ್ಕೊಂಡೇ ಮೆಟ್ಲು ಹತ್ತುತ್ತೆ.”

“ಅಂದರೆ ಕೆಲಸ ಹಗುರ.”

“ಹಗುರ ಅಂತ್ಲೇ ಬರ್ಕೊಳಿ.”

ಹಿಂದಿನಿಂದ ಯಾರೋ “ಥೂ” ಎಂದರು. ಚನ್ನಿಗಯ್ಯ ಕೆಳಗಿಳಿಯದೆ ಅಲ್ಲಿಯೇ ನಿಂತಿದ್ದ. ತೀರ್ಪು ಬರುವವರೆಗೆ ಸಾಕ್ಷಿಗಳು ಕಟಕಟೆಯಲ್ಲಿಯೇ ಇರಬೇಕು.

ಕುರ್ಚಿಯವರು ಮೊಹರನ್ನು ಒಡೆದರು. ಅರಗಿನ ಚೂರುಗಳು ನನ್ನ ಮಡಿಲಿಗೆ ಬಿದ್ದವು. ಚೀಲ ಕಳಚಿ, ನನ್ನ ಅಂಗೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು, ಅವರು ಕಣ್ಣು ಮುಚ್ಚಿದರು. ಆ ಕೈಗಳು ಒಣಗಿದ್ದವು, ಬೆಚ್ಚಗಿದ್ದವು. ಹೊಟ್ಟೆಯಲ್ಲಿ ಮಗು ಒಮ್ಮೆ ಮಗ್ಗುಲು ತಿರುಗಿತು. ಕುರ್ಚಿಯವರ ಹುಬ್ಬು ಗಂಟಿಕ್ಕಿತು. ಅವರು ಇನ್ನೂ ಗಟ್ಟಿಯಾಗಿ ಹಿಡಿದರು. ನನ್ನಿಂದ ಹೋಗಲು ಏನೂ ಇರಲಿಲ್ಲ. ಇರಲಿಲ್ಲವೆಂಬುದು ಅವರಿಗೂ ತಿಳಿಯಿತು. ಅವರು ಕಣ್ಣು ತೆರೆದು, ಕೈ ಬಿಟ್ಟು, ಕುರ್ಚಿಯ ತೋಳುಗಳ ಮೇಲೆ ತಮ್ಮ ಕೈಗಳನ್ನು ಊರಿದರು.

ಅವರ ಮೊಣಕೈಗಳು ನೆಟ್ಟಗಾದವು. ಬೆನ್ನು ಕುರ್ಚಿಯನ್ನು ಬಿಟ್ಟಿತು. ಅಷ್ಟರಲ್ಲಿ, ಏಕೋ, ಅವರು ಏಳುವುದನ್ನು ಅರ್ಧಕ್ಕೇ ನಿಲ್ಲಿಸಿದರು.

“ತಾಯಿ,” ಎಂದರು. “ಎಷ್ಟೋ ಕೈಗಳನ್ನು ಹಿಡಿದಿದ್ದೇನೆ. ದುಡಿಯದವರ ಕೈ ನೀರೇ ಕಾಣದ ಹೊಸ ಕೊಡದ ಹಾಗೆ ಇರುತ್ತದೆ. ನಿನ್ನದು ಬಳಸಿದ ಕೊಡ, ಯಾರೋ ಬಗ್ಗಿಸಿಟ್ಟಿದ್ದಾರೆ. ಒಂದು ಮಾತು ಕೇಳುತ್ತೇನೆ. ದಣಿದಾಗ ನಿನ್ನ ಚಾಳಿ ಏನು?”

ನನಗೆ ಥಟ್ಟನೆ ನೆನಪಾಗಲಿಲ್ಲ. ಎಷ್ಟೋ ತಿಂಗಳಿಂದ ನನಗೆ ಆ ಚಾಳಿಯ ಅಗತ್ಯವೇ ಬಿದ್ದಿರಲಿಲ್ಲ. ಆಮೇಲೆ ನೆನಪಾಯಿತು. ಹುಡುಗಿಯಾಗಿದ್ದಾಗ ಅವ್ವ ಅದಕ್ಕೇ ಗದರುತ್ತಿದ್ದಳು, ಓಲೆ ಕಳೆದುಕೊಳ್ಳುತ್ತೀ ಎಂದು.

“ಎಡಗಿವಿ ಜಗ್ಕೋತೀನಿ ಸ್ವಾಮಿ. ಎರಡ್ ಬೆರಳಲ್ಲಿ ಹಿಡ್ದು, ಕೆಳಕ್ಕೆ.”

ಕುರ್ಚಿಯವರು ತಲೆಯೆತ್ತಿ ನನ್ನ ಬೆನ್ನ ಹಿಂದೆ ನೋಡಿದರು. ಬಹಳ ಹೊತ್ತು ನೋಡಿದರು. ಅವರ ಮುಖ ಬದಲಾಗುವುದನ್ನು ಕಂಡು ನಾನೂ ತಿರುಗಿದೆ.

ಹೊಂಬಾಳಮ್ಮನ ಕೈ ಅವಳ ಎಡಗಿವಿಯಲ್ಲಿತ್ತು. ರಮೀಜಾಳ ಕೈ, ಸೆರಗಿನ ಒಳಗಿನಿಂದಲೇ, ಎಡಗಿವಿಯಲ್ಲಿತ್ತು. ಕುಲುಮೆಯ ಮುದುಕ ಜಗ್ಗಿಕೊಳ್ಳುತ್ತಿದ್ದ. ಸಾಲಿನಿಂದ ಸಾಲಿಗೆ, ಗೋಡೆಗೆ ಒರಗಿ ನಿಂತವರವರೆಗೆ, ಎಲ್ಲರೂ ಎರಡು ಬೆರಳಲ್ಲಿ ಎಡಗಿವಿಯ ಹಾಲೆಯನ್ನು ಹಿಡಿದು ಕೆಳಕ್ಕೆ ಜಗ್ಗುತ್ತಿದ್ದರು. ತಾವು ಏನು ಮಾಡುತ್ತಿದ್ದೇವೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ನೋಡುತ್ತಿರುವುದನ್ನು ಕಂಡ ಮೇಲೆ ಒಬ್ಬರನ್ನೊಬ್ಬರು ನೋಡಿಕೊಂಡರು. ಕೈಗಳು ಅಲ್ಲಲ್ಲಿಯೇ ನಿಂತವು.

“ಇದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ,” ಎಂದರು ವಕೀಲರು, ಎದ್ದು ನಿಂತು, ಅದೇ ಸೌಜನ್ಯದಿಂದ. “ಅವರು ಸಾಕ್ಷಿಗಳಲ್ಲ, ಅವರ ಕೈ ಹಿಡಿಯಲು ತಮಗೆ ಅಧಿಕಾರವಿಲ್ಲ. ಮುಂದಾಳು ನುಡಿದದ್ದು ಬೇಡಿಕೆಗಳನ್ನು ಮಾತ್ರ. ಆಯಾಸದ ಬಗ್ಗೆ ಆಕೆ ಪ್ರಮಾಣ ಮಾಡಿಲ್ಲ. ಆರಿಸಿದ ಕೈ ಖಾಲಿಯಾಗಿದೆ. ತಾವು ಏಳಬೇಕು.”

“ಏಳುತ್ತೇನೆ,” ಎಂದರು ಕುರ್ಚಿಯವರು. “ಆದರೆ ಕಾನೂನು ಕೇಳುವುದು ಈ ತಾಯಿಯ ಆಯಾಸವನ್ನು. ಅದು ಎಲ್ಲಿದ್ದರೂ ಅವಳದೇ. ಆಯಾಸದ ಬಗ್ಗೆ ಪ್ರಮಾಣ ಮಾಡಿ ನುಡಿದ ಸಾಕ್ಷಿ ಒಬ್ಬರಿದ್ದಾರೆ. ನೀವೇ ಕರೆಸಿದವರು. ಸಾಕ್ಷಿ ಒಪ್ಪಿದರೆ ಅವರ ಕೈಯನ್ನು ನಾನು ಹಿಡಿಯಬಹುದು.”

ಎಲ್ಲರೂ ಚನ್ನಿಗಯ್ಯನ ಕಡೆ ತಿರುಗಿದರು. ಅವನ ಎರಡು ಬೆರಳು ಎಡಗಿವಿಯ ಮೇಲಿದ್ದವು. ಬಿಸಿ ಗಾಜು ಮುಟ್ಟಿದವನಂತೆ ಕೈಯನ್ನು ಕೆಳಗೆ ಎಳೆದುಕೊಂಡ.

“ಒಪ್ಪದೆಯೂ ಇರಬಹುದು,” ಎಂದು ವಕೀಲರು ಮೆಲ್ಲಗೆ ನೆನಪಿಸಿದರು. “ಒಪ್ಪಲೇಬೇಕೆಂದಿಲ್ಲ, ಮೇಸ್ತ್ರಿಗಳೇ. ಯೋಚಿಸಿ.”

ಅವನು ಯೋಚಿಸಿದ. ಅವನೇನು ಯೋಚಿಸುತ್ತಿದ್ದಾನೆಂದು ನಮಗೆಲ್ಲ ಗೊತ್ತಿತ್ತು. ಕಾರ್ಖಾನೆಯೊಳಗೆ ಕೆಲಸದವಳ ಅಂಗೈಯಿಂದ ಪಡೆದ ಮೇಸ್ತ್ರಿಗೆ ಮಾಲೀಕರು ಏನು ಮಾಡುತ್ತಾರೆಂಬುದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನು ಮಾಲೀಕರು ಕುಳಿತಿದ್ದ ಮೊದಲ ಸಾಲನ್ನು ನೋಡಿದ. ಬಾಗಿಲನ್ನು ನೋಡಿದ. ಕೊನೆಗೆ, ಆ ಬೆಳಿಗ್ಗೆ ಮೊದಲ ಸಲ, ನನ್ನನ್ನು ನೋಡಿದ. ಅವನ ಕಣ್ಣುಗಳ ಕೆಳಗಿನ ಕಪ್ಪನ್ನು ನಾನು ಗಮನಿಸಿದ್ದೂ ಅದೇ ಮೊದಲು.

“ಬಿಲ್ಲೆ ಕೊಡೋವಾಗ ಸ್ವಲ್ಪ ತಗೋತಿದ್ದೆ ಸ್ವಾಮಿ,” ಎಂದ. “ಸ್ವಲ್ಪಾನೇ.”

ಹಿಂದಿನಿಂದ ಹೊಂಬಾಳಮ್ಮನ ಧ್ವನಿ ಕೇಳಿಸಿತು. “ಅಯ್ಯೋ ನಿನ್ನ.”

“ಯಾಕೆ?” ಎಂದು ಕುರ್ಚಿಯವರು ಕೇಳಿದರು.

“ನಮ್ಮನೇಲಿ ಕೈ ಹಿಡಿಯೋರು ಹೋಗಿ ವರ್ಷಾದ್ವು. ಸುಸ್ತು ಇದ್ದಿದ್ದು ಇದ್ದಂಗೇ ಇರ್ತದೆ. ಅದರ್ ಮೇಲೆ ಇನ್ನೊಂದಿಷ್ಟು ಬಂದ್ರೆ ಯಾರಿಗೇನು ಅಂತ.” ಅವನು ಕಟಕಟೆಯಿಂದ ಇಳಿದು, ಕಟ್ಟೆಯ ಬಳಿಗೆ ಬಂದು, ಕೈ ಚಾಚಿದ. “ಇಸ್ಕೊಳಿ. ಹಗುರ ಅಂದಿದ್ದು ಸುಳ್ಳು. ಜ್ವಾಪಾನ, ಭಾರ ಐತೆ.”

ಕುರ್ಚಿಯವರು ಅವನ ಅಂಗೈಯನ್ನು ಹಿಡಿದರು. ಈ ಸಲ ಕಣ್ಣು ಮುಚ್ಚಲಿಲ್ಲ. ಮೊದಲು ಅವರ ಹೆಗಲುಗಳು ಇಳಿದವು, ಆಮೇಲೆ ಗಲ್ಲ. ಚನ್ನಿಗಯ್ಯ ಕೈ ಹಿಂದಕ್ಕೆ ತೆಗೆಯಲು ನೋಡಿದ. ಅವರು ಬಿಡಲಿಲ್ಲ, ಅವನಲ್ಲಿದ್ದ ನನ್ನ ಪಾಲು ಪೂರ್ತಿ ಬರುವವರೆಗೆ ಹಿಡಿದೇ ಇದ್ದರು. ಬಿಟ್ಟಾದ ಮೇಲೆ ಕುರ್ಚಿಯ ತೋಳುಗಳ ಮೇಲೆ ಕೈ ಊರಿದರು. ಮೊಣಕೈಗಳು ನೆಟ್ಟಗಾಗಲಿಲ್ಲ. ಅವರು ಮತ್ತೊಮ್ಮೆ ಯತ್ನಿಸಿದರು, ಪ್ರಾಮಾಣಿಕವಾಗಿ, ಹಲ್ಲು ಕಚ್ಚಿ. ಬೆನ್ನು ಕುರ್ಚಿಯನ್ನು ಬಿಡಲಿಲ್ಲ. ಸೋತ ಕೈಗಳಲ್ಲಿ ಒಂದು ಮಡಿಲಿಗೆ ಜಾರಿತು. ಇನ್ನೊಂದು ನಿಧಾನವಾಗಿ ಮೇಲೆದ್ದು, ಎರಡು ಬೆರಳಲ್ಲಿ ಎಡಗಿವಿಯ ಹಾಲೆಯನ್ನು ಹಿಡಿದು, ಕೆಳಕ್ಕೆ ಜಗ್ಗಿತು.

ಆ ಕೈಯನ್ನು ಎಲ್ಲರೂ ನೋಡಿದರು. ಅವರು ಮಾತ್ರ ನೋಡಲಿಲ್ಲ.

“ನನಗೆ ಏಳಲಾಗುತ್ತಿಲ್ಲ,” ಎಂದರು. “ಮುಷ್ಕರ ಕಾನೂನುಬದ್ಧ.”

ಅವರನ್ನು ಕುರ್ಚಿಯ ಸಮೇತ ಎತ್ತಿಕೊಂಡು ಹೋಗಬೇಕಾಯಿತು. ಎತ್ತಿದ್ದು ಕುಲುಮೆಯವರು. ದಾರಿಯುದ್ದಕ್ಕೂ ಯಾರೂ ಅವರ ಅಂಗೈ ಮುಟ್ಟದಂತೆ ಜವಾನ ಪಕ್ಕದಲ್ಲಿಯೇ ನಡೆದ.

ಮಾಲೀಕರು ಬಹಳ ದಿನ ಬಿಗಿಹಿಡಿಯಲಿಲ್ಲ. ಕಾನೂನುಬದ್ಧ ಮುಷ್ಕರದಲ್ಲಿ ಯಾರನ್ನೂ ಹೊರಹಾಕುವಂತಿಲ್ಲ, ಬದಲಿ ಆಳುಗಳನ್ನು ತರುವಂತಿಲ್ಲ. ಕುಲುಮೆ ತಣ್ಣಗಾದರೆ ಮತ್ತೆ ಕಾಯಿಸುವುದು ಸುಲಭವೂ ಅಲ್ಲ. ಅಡ್ಡಹಲಗೆಗಳು ಇಳಿದವು. ಅವುಗಳನ್ನು ಮುರಿದು ನಾವು ಕೂರುವ ಮಣೆಗಳನ್ನು ಮಾಡಿಕೊಂಡೆವು. ಚನ್ನಿಗಯ್ಯನ ಮೇಸ್ತ್ರಿಗಿರಿ ಹೋಯಿತು. ಅವನನ್ನು ಉಜ್ಜುವ ಕೆಲಸಕ್ಕೆ ಹಾಕಿದರು. ಮೊದಲ ದಿನ ಅವನು ಬಾಗಿಲಲ್ಲಿ ನಿಂತಿದ್ದಾಗ ಹೊಂಬಾಳಮ್ಮ ತನ್ನ ಮತ್ತು ರಮೀಜಾಳ ನಡುವೆ ಜಾಗ ಮಾಡಿ, “ಬಾರಯ್ಯ ಹಗುರದೋನೇ,” ಎಂದು ಕರೆದಳು. ಕೈಹೊತ್ತಿನ ಗಂಟೆ ಬಾರಿಸಿದಾಗ ಇಬ್ಬರೂ ಅವನ ಒಂದೊಂದು ಕೈಯನ್ನು ಹಿಡಿದರು. ಅವನು ಗೋಡೆಯ ಕಡೆ ಮುಖ ಮಾಡಿಕೊಂಡ. ಎಷ್ಟು ವರ್ಷಗಳದೋ ಏನೋ, ಅದು ಬಂದು ಮುಗಿಯಲು ವಾರಗಳೇ ಹಿಡಿದವು ಎಂದು ರಮೀಜಾ ಆಮೇಲೆ ಹೇಳಿದಳು.

ನನಗೆ ಹೆಣ್ಣುಮಗು ಹುಟ್ಟಿತು. ಗಟ್ಟಿ ಅಳುವಿನ, ಹಟದ ಕೂಸು. ನಾಮಕರಣಕ್ಕೆ ಕಾರ್ಖಾನೆಯೇ ಬಂದಿತ್ತು. ದೋಣಿಯಿಂದ ಬಂದಿದ್ದ ನನ್ನ ಗಂಡ ಒಬ್ಬೊಬ್ಬರ ಮುಂದೆಯೂ ಕೈ ಮುಗಿದು ನಿಂತ. ಅವರಲ್ಲಿ ಕೆಲವರು ಮಾತಿನ ನಡುವೆ ಇನ್ನೂ ಎಡಗಿವಿಯನ್ನು ಜಗ್ಗಿಕೊಳ್ಳುತ್ತಿದ್ದರು. ನಾನು ತೊಟ್ಟಿಲಿನ ಪಕ್ಕದಲ್ಲಿ ಕುಳಿತು ಅವರನ್ನೇ ನೋಡುತ್ತಿದ್ದೆ. ಒಬ್ಬ ಹೆಂಗಸು ತಾನು ಯಾರಿಗೆ ಋಣಿಯೆಂಬುದನ್ನು ಹಾಗೆ ಕಣ್ಣಾರೆ ಕಾಣುವುದು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ.

ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ಕುರ್ಚಿಯವರು ನಿವೃತ್ತರಾದರು. ಆ ಸಂಜೆ ಯಾರೂ ಯಾರಿಗೂ ಹೇಳಿಕಳಿಸಿರಲಿಲ್ಲ. ಆದರೂ ನಾನು ಹೋದಾಗ ಅವರ ಮನೆಯ ಮುಂದೆ ಸಾಲು ಬೀದಿಯ ತಿರುವಿನವರೆಗೆ ನಿಂತಿತ್ತು. ಗಾಜಿನವರು, ಬಂದರಿನ ಹಮಾಲರು, ಬೀದಿ ಗುಡಿಸುವವರು, ಆಸ್ಪತ್ರೆಯ ಆಯಾಗಳು. ಅವರು ಯಾರಿಗಾಗಿ ಕುರ್ಚಿಯಿಂದ ಏಳಲಾಗದೆ ಕುಳಿತಿದ್ದರೋ ಅವರೆಲ್ಲ. ಜಗಲಿಯ ಮೇಲೆ ಆ ಮುದುಕರು ಗೋಡೆಗೆ ಒರಗಿ, ಎರಡೂ ಅಂಗೈಗಳನ್ನು ತೆರೆದಿಟ್ಟು ಕುಳಿತಿದ್ದರು. ಬಂದವರು ಬಾಗಿ, ಹಿಡಿದು, ಮುಂದೆ ಹೋಗುತ್ತಿದ್ದರು. “ಬೇಡಪ್ಪ, ಜಾಸ್ತಿ ತಗೋಬೇಡ,” ಎಂದು ಅವರು ಗೊಣಗುತ್ತಿದ್ದರು. ಎಲ್ಲರೂ ಅದೇ ಉತ್ತರವನ್ನು ಕೊಡುತ್ತಿದ್ದರು. ನನ್ನ ಸರದಿ ಬಂದಾಗ ನಾನೂ ಅದನ್ನೇ ಹೇಳಿದೆ.

“ಸ್ವಲ್ಪಾನೇ, ಸ್ವಾಮಿ.”

ಮನೆಗೆ ಬಂದು ದೀಪ ಹಚ್ಚಿ ಜಗಲಿಯ ಮೇಲೆ ಕುಳಿತೆ. ಮಗಳು ಎದುರಿಗೆ ಕುಳಿತು ನನ್ನನ್ನೇ ನೋಡುತ್ತಿದ್ದಳು.

“ಅವ್ವ, ಯಾಕೆ ಕಿವಿ ಜಗ್ಕೋತಿದ್ದೀಯ?”

ನಾನು ಕೈಯನ್ನು ಇಳಿಸಿ ನೋಡಿಕೊಂಡೆ. ಹೆಗಲಿನಲ್ಲಿ ಹಲಗೆಯ ಅಂಚು ಒತ್ತುವ ನೋವು ಎದ್ದಿತ್ತು; ಸೊಂಟದಲ್ಲಿ, ಅವಳನ್ನೇ ಹೊತ್ತಿದ್ದ ಆ ತಿಂಗಳುಗಳ ಭಾರ. ಅದನ್ನು ನಾನು ಅಂದಿನವರೆಗೆ ಅನುಭವಿಸಿಯೇ ಇರಲಿಲ್ಲ.

“ಏನೂ ಇಲ್ಲ ಕಣೇ. ನಂದೇ. ಬಾಳ ದಿನ ಆದ್ಮೇಲೆ ಮನೆಗ್ ಬಂದಿದೆ.”

ಅವಳು ಪುಟ್ಟ ಕೈಯನ್ನು ನನ್ನ ಅಂಗೈಯ ಕಡೆ ಚಾಚಿದಳು. ನಾನು ಅವಳ ಮಣಿಕಟ್ಟನ್ನು ಹಿಡಿದು, ಹತ್ತಿರಕ್ಕೆ ಎಳೆದು, ಮಡಿಲಲ್ಲಿ ಕೂರಿಸಿಕೊಂಡೆ.

“ಇವತ್ತು ಬೇಡ,” ಎಂದೆ. “ಇವತ್ತೊಂದಿನ ಇರ್ಲಿ.”